ಫಲಕ ಎಲ್ಲಿತ್ತು ಎಂದು ಕೇಳಬಾರದೆ?

ಬಟ್ಟೆ ಅಂಗಡಿಗಳ ಆಷಾಢದ ಸೇಲ್ ಮುಗಿದು ತಿಂಗಳಾಗುವಷ್ಟರಲ್ಲಿ ಇನ್ನೊಂದು ಸೇಲ್ ಶುರುವಾಗಿತ್ತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ, ಬಾಕಿ ಇರುವ ಸಂಚಾರ ದಂಡದಲ್ಲಿ ಅರ್ಧ ಕಟ್ಟಿದರೆ ಸಾಕು ಎಂದು ಸರ್ಕಾರ ಹೇಳಿತು. 2023ರ ಫೆಬ್ರುವರಿಯಲ್ಲಿ ಇಂಥದ್ದೇ ರಿಯಾಯಿತಿ ಕೊಟ್ಟಾಗ ಬೆಂಗಳೂರು ಒಂದರಲ್ಲೇ ಕೆಲವೇ ದಿನಗಳಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು ಹಣ ಜಮೆಯಾಗಿತ್ತು. ಈ ಸಲವೂ ಜನ ಮುಗಿಬಿದ್ದರು. ನಮ್ಮ ಸ್ಟಡಿ ಗ್ರೂಪಿನ ವಾಟ್ಸ್‌ಆ್ಯಪ್‌ನಲ್ಲಿ ಎರಡು ದಿನ ಪ್ರಚಲಿತ ವಿದ್ಯಮಾನದ ಪ್ರಶ್ನೆಗಳ ಬದಲು ಚಲನ್‌ಗಳ ಸ್ಕ್ರೀನ್‌ಶಾಟ್‌ಗಳೇ ಹರಿದಾಡಿದವು.

ಹೆಲ್ಮೆಟ್ ಇಲ್ಲದ್ದಕ್ಕೆ, ಸಿಗ್ನಲ್ ದಾಟಿದ್ದಕ್ಕೆ ದಂಡ ಬಿದ್ದವರು ಯಾರೂ ತಕರಾರು ಮಾಡಲಿಲ್ಲ. ನಕ್ಕು ಕಟ್ಟಿದರು. ತಕರಾರು ಇದ್ದದ್ದೆಲ್ಲ ಪಾರ್ಕಿಂಗ್ ದಂಡದ ಬಗ್ಗೆ. ‘ಅಲ್ಲಿ ಬೋರ್ಡೇ ಇರಲಿಲ್ಲ ಕಣೋ’ ಎಂದವರು ನಾಲ್ಕೈದು ಮಂದಿ. ಹಾಗೆ ಹೇಳುತ್ತಲೇ ಅವರೂ ಅರ್ಧ ಹಣ ಕಟ್ಟಿ ಮುಗಿಸಿದರು. ತಪ್ಪು ಮಾಡಿ ವರ್ಷಗಟ್ಟಲೆ ಸುಮ್ಮನಿದ್ದವನಿಗೂ ಅರ್ಧ, ತಪ್ಪೇ ಮಾಡದವನಿಗೂ ಅರ್ಧ. ತಪ್ಪು ಮಾಡದವನು ಕಟ್ಟಬೇಕಾದದ್ದು ಅರ್ಧವಲ್ಲ, ಸೊನ್ನೆ. ಈ ಸರಳ ಲೆಕ್ಕವನ್ನು ಯಾರೂ ಮಾಡದಂತೆ ನಮ್ಮ ವ್ಯವಸ್ಥೆ ರೂಪುಗೊಂಡಿದೆ ಎಂಬುದೇ ನನ್ನ ಆಕ್ಷೇಪ.

ಇದನ್ನು ದೂರದಿಂದ ನೋಡಿ ಹೇಳುತ್ತಿಲ್ಲ. ಅದೇ ಆಗಸ್ಟ್ ಮೊದಲ ವಾರದಲ್ಲಿ ಅಪ್ಪನ ಮೊಬೈಲ್‌ಗೆ ಒಂದು ಸಂದೇಶ ಬಂದಿತ್ತು. ಬೈಕ್ ಅವರ ಹೆಸರಿನಲ್ಲಿದೆ, ಓಡಿಸುವವನು ನಾನು. ನಾನು ದಿನವೂ ಓದಲು ಹೋಗುವ ಗ್ರಂಥಾಲಯದ ರಸ್ತೆಯಲ್ಲಿ ನಿಲುಗಡೆ ನಿಷೇಧ ಉಲ್ಲಂಘನೆ, 1000 ರೂಪಾಯಿ ದಂಡ. ಲಿಂಕ್ ತೆರೆದರೆ ಒಂದು ಫೋಟೊ. ಬೈಕಿನ ಹಿಂಭಾಗ ಇದೆ, ನಂಬರ್ ಪ್ಲೇಟ್ ಸ್ಪಷ್ಟವಾಗಿದೆ, ಪಕ್ಕದಲ್ಲಿ ಮುಚ್ಚಿದ ಅಂಗಡಿಯ ಶಟರ್ ಇದೆ. ನಿಷೇಧದ ಫಲಕ ಮಾತ್ರ ಫೋಟೊದಲ್ಲಿಲ್ಲ. ಮರುದಿನ ಆ ರಸ್ತೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ವಿಡಿಯೊ ಮಾಡಿಕೊಂಡೆ. ಎದುರು ಬದಿಯಲ್ಲಿ ಎರಡು ಫಲಕಗಳಿದ್ದವು. ನಾನು ನಿಲ್ಲಿಸಿದ್ದ ಬದಿಯಲ್ಲಿ ಒಂದೂ ಇರಲಿಲ್ಲ.

ಪಾರ್ಕಿಂಗ್ ತಪ್ಪುಗಳಲ್ಲಿ ಎರಡು ಬಗೆ ಇವೆ ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಕೆಲವಕ್ಕೆ ಫಲಕ ಬೇಕಿಲ್ಲ. ಫುಟ್‌ಪಾತ್ ಮೇಲೆ, ಪಾದಚಾರಿ ದಾಟುವ ಪಟ್ಟಿಯ ಮೇಲೆ, ಬಸ್ ನಿಲ್ದಾಣದಲ್ಲಿ, ತಿರುವಿನಲ್ಲಿ, ಆಸ್ಪತ್ರೆಯ ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸಬಾರದು ಎಂದು 2017ರ ಚಾಲನಾ ನಿಯಮಾವಳಿಯೇ ಹೇಳುತ್ತದೆ. ಬೇರೆಯವರಿಗೆ ಅಪಾಯ ಅಥವಾ ಅಡಚಣೆ ಆಗುವಂತೆ ಗಾಡಿ ಬಿಟ್ಟುಹೋದರೆ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಇದೆ. ಅಂಥ ಕಡೆ ನಿಲ್ಲಿಸಿ ‘ಬೋರ್ಡ್ ಇರಲಿಲ್ಲ’ ಎನ್ನುವವರ ಪರ ನಾನಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವವರು ಫುಟ್‌ಪಾತ್‌ನಿಂದ ರಸ್ತೆಗೆ ಇಳಿಯಬೇಕಾಗುವುದು ನಮ್ಮಂಥವರ ಬೈಕುಗಳಿಂದಲೇ.

ಎರಡನೆಯ ಬಗೆ ಬೇರೆ. ರಸ್ತೆ ಅಗಲವಾಗಿದೆ, ಅಡ್ಡಿಯೇನೂ ಇಲ್ಲ, ಆದರೂ ಇಂಥ ಬದಿಯಲ್ಲಿ ನಿಲ್ಲಿಸಬಾರದು ಎಂದು ಅಧಿಕಾರಿಯೊಬ್ಬರು ಆದೇಶ ಹೊರಡಿಸಿರುತ್ತಾರೆ. ಆ ನಿಷೇಧ ಹುಟ್ಟುವುದು ಆದೇಶದಿಂದ, ಜನರಿಗೆ ತಿಳಿಯುವುದು ಫಲಕದಿಂದ. ಇಂಥ ನಿರ್ಬಂಧಗಳನ್ನು ಸಾರ್ವಜನಿಕರ ಗಮನಕ್ಕೆ ತರಲೆಂದೇ ಕಾಯ್ದೆಯ 116ನೇ ಸೆಕ್ಷನ್ ಸಂಚಾರ ಫಲಕಗಳ ಬಗ್ಗೆ ಹೇಳುತ್ತದೆ. ಆದೇಶ ಕಡತದಲ್ಲಿದ್ದು ಫಲಕ ಬೀದಿಯಲ್ಲಿ ಇಲ್ಲದಿದ್ದರೆ ಸವಾರ ಪಾಲಿಸುವುದಾದರೂ ಏನನ್ನು? ಹಾಗಾಗಿ ಈ ಎರಡನೆಯ ಬಗೆಯಲ್ಲಿ ಗಾಡಿಯ ಫೋಟೊ ಅರ್ಧ ಸಾಕ್ಷ್ಯ ಮಾತ್ರ. ಗಾಡಿ ಅಲ್ಲಿತ್ತು ಎಂದು ಅದು ಹೇಳುತ್ತದೆ. ಅಲ್ಲಿ ನಿಲ್ಲಿಸಬಾರದಿತ್ತು ಎಂದು ಹೇಳುವುದಿಲ್ಲ.

ಸಮ ದಿನ, ಬೆಸ ದಿನ ಎಂದು ಬದಿ ಬದಲಾಗುವ ರಸ್ತೆಗಳ ಕಥೆಯಂತೂ ಕೇಳುವುದೇ ಬೇಡ. ಮಳೆ ಬಿಸಿಲಿಗೆ ಬಣ್ಣ ಹೋದ ಆ ಫಲಕ ಓದಲು ಗಾಡಿ ನಿಲ್ಲಿಸಬೇಕು, ನಿಲ್ಲಿಸಿದರೆ ದಂಡ.

ಕ್ಯಾಮೆರಾ ಮೂಲಕ ಹಾಕುವ ದಂಡಕ್ಕೂ ಕಟ್ಟುಪಾಡುಗಳಿವೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿತು. ಉಲ್ಲಂಘನೆ ನಡೆದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು. ಉಲ್ಲಂಘನೆಯನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಫೋಟೊ, ದಿನಾಂಕ, ಸಮಯ, ಸ್ಥಳ, ಯಾವ ಕಲಮಿನ ಉಲ್ಲಂಘನೆ ಎಂಬ ವಿವರ, ವಿದ್ಯುನ್ಮಾನ ಸಾಕ್ಷ್ಯಕ್ಕೆ ಬೇಕಾದ ಪ್ರಮಾಣಪತ್ರ ಎಲ್ಲವೂ ಜೊತೆಗಿರಬೇಕು. ಕ್ಯಾಮೆರಾ ಕಣ್ಗಾವಲು ಇರುವ ಕಡೆ ಮೊದಲೇ ಎಚ್ಚರಿಕೆಯ ಫಲಕ ಇರಬೇಕು. ‘ಉಲ್ಲಂಘನೆಯನ್ನು ತೋರಿಸುವ’ ಎಂಬ ಮಾತನ್ನು ಗಮನಿಸಿ. ಹೆಲ್ಮೆಟ್ ಇಲ್ಲದ ತಲೆ ಫೋಟೊದಲ್ಲಿ ತಾನಾಗಿ ಕಾಣುತ್ತದೆ. ನಿಷೇಧಿತ ಜಾಗ ಎನ್ನುವುದು ತಾನಾಗಿ ಕಾಣುವುದಿಲ್ಲ, ಅದನ್ನು ತೋರಿಸಬೇಕು.

ಕಾನೂನು ಇಷ್ಟು ಸ್ಪಷ್ಟವಿದ್ದರೂ ಜನ ಯಾಕೆ ಪ್ರಶ್ನಿಸುವುದಿಲ್ಲ? ಠಾಣೆಗೆ ಹೋದ ದಿನ ನನಗೆ ಉತ್ತರ ಸಿಕ್ಕಿತು. ಅಲ್ಲಿದ್ದವರು ಒರಟಾಗಿ ಮಾತನಾಡಲಿಲ್ಲ. ಕೂರಿಸಿ, ವಿಡಿಯೊ ನೋಡಿ, ‘ಸಾವಿರ ರೂಪಾಯಿಗೆ ಯಾಕಪ್ಪಾ ಓಡಾಡ್ತೀಯ? ಕಟ್ಟೋದಾದ್ರೆ ಈಗಲೇ ಕಟ್ಟು, ಇಲ್ಲಾಂದ್ರೆ ಕೋರ್ಟಿಗೆ ಹೋಗು’ ಎಂದರು. ಸಲಹೆ ಸೌಜನ್ಯದ್ದೇ. ಆದರೆ ಈ ಎರಡು ದಾರಿಗಳ ನಡುವೆ ಇರಬೇಕಾದ ಮೂರನೆಯದು, ಅಂದರೆ ‘ಪರಿಶೀಲಿಸಿ ಲಿಖಿತವಾಗಿ ಉತ್ತರ ಕೊಡುತ್ತೇವೆ’ ಎಂಬುದು, ಅವರ ಬಾಯಲ್ಲಿ ಬರಲಿಲ್ಲ.

ಕೋರ್ಟಿಗೆ ಹೋಗುವುದೆಂದರೆ ಮೊದಲು ಲೆಕ್ಕ ಹಾಕಬೇಕು. ಗಾಡಿಯ ಮಾಲೀಕರು ಅಪ್ಪ. ಅವರು ಬಡಗಿ. ಒಂದು ದಿನ ಕೆಲಸ ಬಿಟ್ಟರೆ ಆ ದಿನದ ಕೂಲಿ ಹೋಯಿತು, ಮುಂದಿನ ದಿನಾಂಕ ಕೊಟ್ಟರೆ ಇನ್ನೊಂದು ದಿನದ್ದು. ವಕೀಲರ ಶುಲ್ಕ ಬೇರೆ. ಯಾವ ಕಡೆಯಿಂದ ಕೂಡಿಸಿದರೂ ದಂಡಕ್ಕಿಂತ ವಾದವೇ ದುಬಾರಿ. ಕಟ್ಟುವುದಕ್ಕೋ, ಫೋನ್ ತೆಗೆದರೆ ಎರಡು ನಿಮಿಷ. ದಂಡದ ಮೊತ್ತ ಹೆಚ್ಚಾಯಿತು ಎಂದು ನಾವು ಕೂಗುತ್ತೇವೆ. ನನಗೆ ಅನ್ಯಾಯ ಕಾಣುವುದು ಆ ಮೊತ್ತದಲ್ಲಲ್ಲ, ಕಟ್ಟುವುದಕ್ಕೂ ಪ್ರಶ್ನಿಸುವುದಕ್ಕೂ ಇರುವ ಈ ಅಂತರದಲ್ಲಿ.

ಅಪ್ಪನಿಗೆ ಕೂಲಿಗಿಂತ ದೊಡ್ಡ ಚಿಂತೆ ಇತ್ತು. ‘ನಾಳೆ ನಿನಗೆ ಕೆಲಸ ಸಿಕ್ಕರೆ ಪೊಲೀಸ್ ವೆರಿಫಿಕೇಷನ್ ಬರುತ್ತೆ. ಸುಮ್ನೆ ಕಟ್ಟಿಬಿಡು ಮಗಾ’ ಎಂದರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರ ಮನೆಯಲ್ಲಾದರೂ ಕೇಳಿಬರುವ ಮಾತಿದು. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಪೊಲೀಸರ ಬಳಿ ಅಥವಾ ಅವರ ಪೋರ್ಟಲ್‌ನಲ್ಲಿ ದಂಡ ಕಟ್ಟಿದರೆ ಅದು ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ರಾಜಿ. ಪ್ರಕರಣ ಅಲ್ಲಿಗೆ ಮುಗಿಯುತ್ತದೆ, ನ್ಯಾಯಾಲಯದ ಮಾತು ಬರುವುದಿಲ್ಲ. ಕಟ್ಟದೆ ಬಿಟ್ಟ ಚಲನ್ ವರ್ಚುವಲ್ ಕೋರ್ಟ್‌ಗೆ ಹೋಗಬಹುದು. ಅಲ್ಲಿ ಎರಡು ಆಯ್ಕೆಗಳಿರುತ್ತವೆ. ದಂಡ ಕಟ್ಟಿದರೆ ತಪ್ಪೊಪ್ಪಿಕೊಂಡಂತೆ. ಒಪ್ಪುವುದಿಲ್ಲ ಎಂದರೆ ಪ್ರಕರಣ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಈಗ ಕೇಂದ್ರ ಸರ್ಕಾರದ ನೌಕರಿಗೆ ಆಯ್ಕೆಯಾದವರು ತುಂಬುವ ಅಟೆಸ್ಟೇಷನ್ ಫಾರ್ಮ್ ತೆಗೆದು ನೋಡಿ. ನ್ಯಾಯಾಲಯ ನಿಮಗೆ ಎಂದಾದರೂ ದಂಡ ವಿಧಿಸಿದೆಯೇ ಎಂಬ ಪ್ರಶ್ನೆ ಅದರಲ್ಲಿದೆ. ಪ್ರಕರಣ ಬಾಕಿ ಇದೆಯೇ ಎಂದೂ ಕೇಳುತ್ತಾರೆ. ಅಂದರೆ, ಹೆದರಿ ತಿಂಗಳುಗಟ್ಟಲೆ ಸುಮ್ಮನಿದ್ದು ಕೊನೆಗೆ ವರ್ಚುವಲ್ ಕೋರ್ಟ್‌ನಲ್ಲಿ ಕಟ್ಟಿ ‘ಮುಗೀತು’ ಎಂದುಕೊಂಡವನು, ಮಾಡದ ತಪ್ಪನ್ನು ಒಪ್ಪಿಕೊಂಡು ಆ ಪ್ರಶ್ನೆಯ ಮುಂದೆ ‘ಹೌದು’ ಎಂದು ಬರೆಯಬೇಕಾಗುತ್ತದೆ.

ಇದರಿಂದ ಕೆಲಸವೇ ಹೋಗುತ್ತದೆ ಎಂದು ಗಾಬರಿಯಾಗಬೇಕಿಲ್ಲ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ಕ್ಷುಲ್ಲಕ ಪ್ರಕರಣವನ್ನು ತಿಳಿಸದೆ ಇದ್ದರೂ ನೇಮಕ ಮಾಡುವವರು ತಮ್ಮ ವಿವೇಚನೆಯಿಂದ ಅದನ್ನು ಮನ್ನಿಸಬಹುದು ಎಂದಿದೆ. ಅದೇ ತೀರ್ಪು ಮಾಹಿತಿ ನಿಜವಾಗಿರಬೇಕು ಎಂದೂ ಹೇಳಿದೆ. ಹಾಗಾಗಿ ಇದ್ದದ್ದನ್ನು ಇದ್ದಂತೆ ಬರೆಯುವುದೇ ಲೇಸು. ನನಗೆ ತೋರಿದ್ದು ಇಷ್ಟು: ಪ್ರಶ್ನಿಸುವುದಿದ್ದರೆ ಚಲನ್ ಬಂದ ಹೊಸದರಲ್ಲೇ, ಕೋರ್ಟಿನ ಮೆಟ್ಟಿಲಿಗೆ ಹೋಗುವ ಮೊದಲೇ ಪ್ರಶ್ನಿಸಬೇಕು.

ನಾನು ಮಾಡಿದ್ದೂ ಅದನ್ನೇ. ಮೊದಲು ಇ-ಚಲನ್ ಪೋರ್ಟಲ್‌ನ ದೂರು ವಿಭಾಗದಲ್ಲಿ ವಿಡಿಯೊದಿಂದ ತೆಗೆದ ಚಿತ್ರಗಳೊಂದಿಗೆ ದೂರು ದಾಖಲಿಸಿದೆ. ಆಮೇಲೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಪ್ರಬಂಧ ಪತ್ರಿಕೆಗೆ ತಯಾರಿ ಮಾಡುವವರಿಗೆ ಇದೊಂದು ಒಳ್ಳೆಯ ಅಭ್ಯಾಸ! ನಾನು ಬರೆದದ್ದು ಮೂರೇ ಸಾಲು. ಈ ರಸ್ತೆಯಲ್ಲಿ ನಿಲುಗಡೆ ನಿಷೇಧಿಸಿದ ಆದೇಶದ ಪ್ರತಿ ಕೊಡಿ, ಅದು ರಸ್ತೆಯ ಯಾವ ಬದಿಗೆ ಅನ್ವಯಿಸುತ್ತದೆ ಎಂಬ ಪುಟವನ್ನು ಸೇರಿಸಿ ಎಂದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ‘ನನ್ನ ದಂಡ ಸರಿಯೇ’ ಎಂದು ಕೇಳಿದ್ದರೆ ಅಭಿಪ್ರಾಯ ಕೊಡಲಾಗದು ಎಂಬ ಉತ್ತರ ಬರುತ್ತಿತ್ತು. ದಾಖಲೆ ಕೇಳಿದರೆ ದಾಖಲೆ ಕೊಡಲೇಬೇಕು.

ಈ ನಡುವೆಯೇ ಅರ್ಧ ರಿಯಾಯಿತಿಯ ಅವಧಿ ಬಂದು ಹೋಯಿತು. ‘500 ಕೊಟ್ಟು ಕೈತೊಳೆದುಕೊಳ್ಳೋ ಮಾರಾಯ’ ಎಂದು ಗೆಳೆಯರು ಹೇಳಿದರು. ಇಂಗ್ಲೆಂಡಿನಲ್ಲೂ ಪಾರ್ಕಿಂಗ್ ದಂಡಕ್ಕೆ ಅರ್ಧ ರಿಯಾಯಿತಿ ಇದೆ. ಆದರೆ ಅದು 14 ದಿನಗಳೊಳಗೆ ಕಟ್ಟುವವರಿಗೆ. ಸ್ಥಳೀಯ ಆಡಳಿತ ನಿಮ್ಮ ಆಕ್ಷೇಪವನ್ನು ತಿರಸ್ಕರಿಸಿದರೆ ಪೊಲೀಸರೂ ಅಲ್ಲದ, ಪಾಲಿಕೆಯೂ ಅಲ್ಲದ ಸ್ವತಂತ್ರ ನ್ಯಾಯಮಂಡಳಿ ಇದೆ. ಅಲ್ಲಿ ಮೇಲ್ಮನವಿಗೆ ಶುಲ್ಕವಿಲ್ಲ. ನಮ್ಮಲ್ಲಿ ಬೇಗ ಕಟ್ಟಿದವನು ಪೂರ್ತಿ ಕೊಡುತ್ತಾನೆ, ವರ್ಷ ಕಾದವನು ಅರ್ಧ ಕೊಡುತ್ತಾನೆ, ಪ್ರಶ್ನೆ ಕೇಳುವವನು ಅಲೆಯುತ್ತಾನೆ. ಲೋಕ ಅದಾಲತ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಒಳ್ಳೆಯದೇ, ಆದರೆ ಅದರ ಕೆಲಸ ರಾಜಿ ಮಾಡಿಸುವುದು. ತಪ್ಪು ನಡೆದಿತ್ತೇ ಇಲ್ಲವೇ ಎಂದು ಅದು ತೀರ್ಮಾನಿಸುವುದಿಲ್ಲ, ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿಯೂ ಇಲ್ಲ.

ಕೋರ್ಟಿಗೇ ಹೋಗಬೇಕಾಗಿ ಬಂದರೆ ಒಂದು ವಿಷಯ ತಿಳಿದಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ, ಉಳಿದವರಲ್ಲಿ ಹಲವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ಮಟ್ಟದಲ್ಲೂ ಸಮಿತಿಗಳಿವೆ. ಸಹಾಯವಾಣಿ 15100. ನಮ್ಮ ಗ್ರೂಪಿನಲ್ಲಿ ತಕರಾರಿದ್ದೂ ಕಟ್ಟಿದವರಲ್ಲಿ ಇಬ್ಬರು ಹುಡುಗಿಯರು. ಅವರಿಗೆ ಇದು ಗೊತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ ಉತ್ತರ ಬಂತು. ಎರಡು ಪುಟದ ಆದೇಶ, ಹಲವು ರಸ್ತೆಗಳ ಪಟ್ಟಿ. ನಮ್ಮ ಗ್ರಂಥಾಲಯದ ರಸ್ತೆಯ ಮುಂದೆ ‘ಪೂರ್ವ ಬದಿ’ ಎಂದು ಬರೆದಿತ್ತು. ನನ್ನ ಬೈಕ್ ನಿಂತಿದ್ದು ಪಶ್ಚಿಮ ಬದಿಯಲ್ಲಿ. ಆ ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದೆ. ಮೂರು ವಾರಗಳ ಮೇಲೆ ಪೋರ್ಟಲ್‌ನಲ್ಲಿ ನಮ್ಮ ಗಾಡಿಯ ಸಂಖ್ಯೆ ಹಾಕಿದರೆ ಚಲನ್ ಕಾಣಲಿಲ್ಲ. ರದ್ದಾಗಿದೆ ಎಂಬ ಪತ್ರವೂ ಇಲ್ಲ, ಕಾರಣವೂ ಇಲ್ಲ.

ಕಾರಣ ಬರೆಯದೆ ಅಳಿಸುವುದರಲ್ಲೇ ತೊಂದರೆ ಇರುವುದು. ಆದೇಶ ಪೂರ್ವ ಬದಿಗೆ ಮಾತ್ರ ಎಂದು ಎಲ್ಲಾದರೂ ದಾಖಲಾದರೆ, ಪಶ್ಚಿಮ ಬದಿಯಲ್ಲಿ ಹಾಕಿದ ಎಲ್ಲ ದಂಡಗಳ ಬಗ್ಗೆಯೂ ಉತ್ತರ ಹೇಳಬೇಕಾಗುತ್ತದೆ. ಅದೇ ಗ್ರಂಥಾಲಯಕ್ಕೆ ಬರುವ ಮೂವರು ಅದೇ ಬದಿಯಲ್ಲಿ ನಿಲ್ಲಿಸಿ ದಂಡ ಕಟ್ಟಿದ್ದಾರೆ. ಒಬ್ಬ ಪೂರ್ತಿ, ಇಬ್ಬರು ಅರ್ಧ. ಆದೇಶದ ನಕಲು ಹಿಡಿದು ಅವರ ಜೊತೆ ಮತ್ತೆ ಠಾಣೆಗೆ ಹೋದಾಗ ಸಿಕ್ಕ ಉತ್ತರ, ‘ಕಟ್ಟಿದ ಮೇಲೆ ರಾಜಿಯಾಯ್ತು, ರಾಜಿಯಾದ ಕೇಸು ಮುಗಿದ ಕೇಸು’ ಎಂದು. ಕಾನೂನಿನ ಅಕ್ಷರಕ್ಕೆ ಅದು ಸರಿಯೇ ಇರಬಹುದು.

ಇದನ್ನು ಸರಿಪಡಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಪಾರ್ಕಿಂಗ್ ಚಲನ್‌ನಲ್ಲಿ ಎರಡು ಫೋಟೊ ಕಡ್ಡಾಯ ಮಾಡಲಿ, ಒಂದು ಗಾಡಿಯದು, ಇನ್ನೊಂದು ಆ ಬದಿಯ ಫಲಕದ್ದು. ಯಾವ ಆದೇಶದಡಿ ಆ ಜಾಗ ನಿಷೇಧಿತ ಎಂಬ ಸಂಖ್ಯೆ, ದಿನಾಂಕ ಚಲನ್ ಮೇಲೇ ಇರಲಿ. ನಗರದ ಎಲ್ಲ ನಿಲುಗಡೆ ಆದೇಶಗಳನ್ನು ಪೋರ್ಟಲ್‌ನಲ್ಲಿ ಹಾಕಿದರೆ ನನ್ನಂಥವರು 10 ರೂಪಾಯಿ ಕಟ್ಟಿ ತಿಂಗಳು ಕಾಯಬೇಕಿಲ್ಲ. ಆಕ್ಷೇಪ ಸಲ್ಲಿಸಿದರೆ ಲಿಖಿತ ಉತ್ತರ ಬರುವವರೆಗೆ ಚಲನ್ ಕೋರ್ಟಿಗೆ ಹೋಗದೆ ನಿಲ್ಲಲಿ. ಒಂದು ಜಾಗದ ದಂಡ ತಪ್ಪೆಂದು ಕಂಡುಬಂದರೆ ಅದೇ ಜಾಗದಲ್ಲಿ ಬಿದ್ದ ಉಳಿದ ದಂಡಗಳನ್ನು ಇಲಾಖೆಯೇ ಹುಡುಕಿ ಹಣ ಮರಳಿಸಲಿ. ಗಾಡಿಯ ಸಂಖ್ಯೆ, ಮಾಲೀಕರ ಮೊಬೈಲ್ ಸಂಖ್ಯೆ ಎರಡೂ ಅವರ ಬಳಿಯೇ ಇವೆ. ದಂಡದ ಸಂದೇಶ ಕಳಿಸಿದ್ದು ಅದಕ್ಕೇ ಅಲ್ಲವೇ?