ಶಾಲೆಯ ದಾಖಲೆಯೊಂದು ತೆರೆಸಿದ ಜೈಲಿನ ಬಾಗಿಲು

ತಪ್ಪು ಮಾಡಿದವನಿಗೆ ಶಿಕ್ಷೆಯಾಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷೆಯೇ ತಪ್ಪಾದರೆ?

1994ರಲ್ಲಿ ಪುಣೆಯ ಒಂದೇ ಮನೆಯಲ್ಲಿ ಐವರು ಮಹಿಳೆಯರು ಮತ್ತು ಇಬ್ಬರು ಮಕ್ಕಳ ಕೊಲೆಯಾಯಿತು. ಈ ಘೋರ ಕೃತ್ಯಕ್ಕಾಗಿ ಬಂಧಿತರಾದವರಲ್ಲಿ ರಾಜಸ್ಥಾನದ ಬಿಕಾನೇರ್ ಕಡೆಯವನೊಬ್ಬನಿದ್ದ. ಅವನನ್ನು ವಯಸ್ಕನೆಂದೇ ವಿಚಾರಣೆಗೊಳಪಡಿಸಲಾಯಿತು. ದಾಖಲೆಗಳಲ್ಲಿ ಅವನ ಹೆಸರೂ ಬೇರೆಯಾಗಿತ್ತು. 1998ರಲ್ಲಿ ಗಲ್ಲು ಶಿಕ್ಷೆಯಾಯಿತು. 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ 2014ರಲ್ಲಿ ಆರಂಭವಾದ ‘ಪ್ರಾಜೆಕ್ಟ್ 39ಎ’ ತಂಡದ ವಕೀಲರು ಅವನ ಪರವಾಗಿ ನಿಂತರು. ಊರಿನ ಶಾಲೆಯ ದಾಖಲೆ ನ್ಯಾಯಾಲಯದ ಮುಂದೆ ಬಂತು. ಅದರ ಪ್ರಕಾರ ಕೃತ್ಯ ನಡೆದಾಗ ಅವನಿಗೆ ಹನ್ನೆರಡೂವರೆ ವರ್ಷ! ಬಾಲಾಪರಾಧಿಗೆ ಗಲ್ಲು ವಿಧಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಹೆಚ್ಚೆಂದರೆ ಮೂರು ವರ್ಷ ಸುಧಾರಣಾ ಗೃಹದಲ್ಲಿರಿಸಬಹುದು. 2023ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶಿಸುವಾಗ ಅವನು 28 ವರ್ಷಗಳಿಗೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ. ಹುಡುಗನಾಗಿ ಒಳಹೋದವನು ನಲವತ್ತು ದಾಟಿ ಹೊರಬಂದ.

ಇಷ್ಟು ಸರಳವಾದ ದಾಖಲೆ ಮೊದಲೇ ಏಕೆ ಸಿಗಲಿಲ್ಲ? ಹುಡುಕುವವರಿರಲಿಲ್ಲ. ಈ ತಂಡಕ್ಕೆ ಹೆಸರು ಕೊಟ್ಟಿರುವ ಸಂವಿಧಾನದ 39ಎ ವಿಧಿ, ಬಡವರಿಗೂ ಉಚಿತ ಕಾನೂನು ನೆರವು ಸಿಗಬೇಕೆನ್ನುತ್ತದೆ. ಆದರೆ ಗಲ್ಲು ಶಿಕ್ಷೆಗೊಳಗಾದವರ ಕುರಿತು ಅದೇ ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮುಕ್ಕಾಲು ಪಾಲು ಕೈದಿಗಳು ಆರ್ಥಿಕವಾಗಿ ದುರ್ಬಲರು ಎಂದು ಕಂಡುಬಂತು. ವಿದ್ಯಾರ್ಥಿಗಳು ಜೈಲುಗಳಿಗೂ ಕೈದಿಗಳ ಮನೆಗಳಿಗೂ ಹೋಗಿ ಸಂಗ್ರಹಿಸಿದ ಮಾಹಿತಿಯಿದು.

ಅಮೆರಿಕದಲ್ಲಿ 1992ರಲ್ಲೇ ನ್ಯೂಯಾರ್ಕಿನ ಕಾರ್ಡೋಜೊ ಕಾನೂನು ಕಾಲೇಜಿನಲ್ಲಿ ‘ಇನ್ನೊಸೆನ್ಸ್ ಪ್ರಾಜೆಕ್ಟ್’ ಆರಂಭವಾಗಿತ್ತು. ಡಿಎನ್‌ಎ ಪರೀಕ್ಷೆಯ ನೆರವಿನಿಂದ ಅದು ಅನೇಕ ನಿರಪರಾಧಿಗಳನ್ನು ಬಿಡಿಸಿದೆ. ನಮ್ಮಲ್ಲಿ 2018ರಲ್ಲಿ ಕಾನೂನು ಆಯೋಗವು ತನ್ನ 277ನೇ ವರದಿಯಲ್ಲಿ, ಸುಳ್ಳು ಮೊಕದ್ದಮೆಗೆ ಬಲಿಯಾದವರಿಗೆ ಪರಿಹಾರ ನೀಡಲು ವಿಶೇಷ ನ್ಯಾಯಾಲಯಗಳು ಬೇಕೆಂದು ಶಿಫಾರಸು ಮಾಡಿತು.

ಸಹೋದರಿಯರೇ, ಒಂದು ವಿಷಯ ನೆನಪಿರಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಮತ್ತು ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಇದಕ್ಕಾಗಿ ತಾಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಅರ್ಜಿ ಕೊಡಬಹುದು. ಸಹಾಯವಾಣಿ ಸಂಖ್ಯೆ 15100. ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ಟಿ.ಸಿ.ಗಳನ್ನು ಜೋಪಾನವಾಗಿಡಿ, ಹೆಸರು ಮತ್ತು ಜನ್ಮದಿನಾಂಕ ಎಲ್ಲದರಲ್ಲೂ ಒಂದೇ ಇದೆಯೇ ಎಂದು ನೋಡಿಕೊಳ್ಳಿ.

ಮಗಳು ಕಾನೂನು ಓದುತ್ತೇನೆಂದರೆ “ಕೋರ್ಟು ಕಚೇರಿ ನಮಗೇಕೆ?” ಎನ್ನಬೇಡಿ. ನಾಳೆ ಯಾವುದೋ ತಾಯಿಯ ಮಗನಿಗಾಗಿ ಹಳೆಯ ದಾಖಲೆ ಹುಡುಕುವವಳು ಅವಳೇ ಆಗಬಹುದು.