ತಳ್ಳುವುದೋ, ಎಳೆಯುವುದೋ?

ನಮ್ಮ ಬಡಾವಣೆಯ ಬ್ಯಾಂಕಿನ ಗಾಜಿನ ಬಾಗಿಲಿಗೂ ನನಗೂ ಬಹುಕಾಲದ ವೈರ. ಎಳೆಯಬೇಕಾದಾಗ ನಾನದನ್ನು ತಳ್ಳುತ್ತೇನೆ, ತಳ್ಳಬೇಕಾದಾಗ ಎಳೆಯುತ್ತೇನೆ. ಒಳಗೆ ಕುಳಿತ ಕಾವಲುಗಾರ ಕನಿಕರದಿಂದ ನಗುತ್ತಾನೆ. ಎಂ.ಎ. ಮಾಡಿಕೊಂಡು ನಾಲ್ಕು ಜನರಿಗೆ ಪಾಠ ಹೇಳುವವನಿಗೆ ಒಂದು ಬಾಗಿಲು ತೆರೆಯುವಷ್ಟು ಜಾಣ್ಮೆಯಿಲ್ಲವಲ್ಲ ಎಂದು ಎಷ್ಟೋ ಸಲ ನನ್ನನ್ನೇ ಹಳಿದುಕೊಂಡದ್ದುಂಟು.

“ತಪ್ಪು ನಿಮ್ಮದಲ್ಲ ಭಾವ, ಬಾಗಿಲಿನದು” ಎಂದು ಮೊತ್ತಮೊದಲು ನನಗೆ ಸಮಾಧಾನ ಹೇಳಿದವನು ನನ್ನ ಭಾವಮೈದ. ಎರಡು ಬದಿಗೂ ಒಂದೇ ಬಗೆಯ ಹಿಡಿಯಿಟ್ಟರೆ ಮನುಷ್ಯ ಎಳೆಯದೆ ಇನ್ನೇನು ಮಾಡಿಯಾನು? ತಳ್ಳಬೇಕಾದ ಬದಿಗೆ ಹಿಡಿಯ ಬದಲು ಒಂದು ತಗಡು ಬಡಿದಿದ್ದರೆ ಎಳೆಯುವ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ಇದು ಅವನ ವಾದ.

ಇಂಥ ವಿಚಾರಗಳನ್ನು ಯೋಚಿಸುವುದೇ ಅವನ ಉದ್ಯೋಗವಾಗಿತ್ತು. ಬೆಂಗಳೂರಿನ ಒಂದು ತಂತ್ರಾಂಶ ಸಂಸ್ಥೆಯಲ್ಲಿ ಅವನು ಏಳು ವರ್ಷ ‘ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನರ್’ ಆಗಿದ್ದ. ಫೋನಿನ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಒಂದನ್ನು ಒತ್ತಿದಾಗ ಮುಂದೇನು ಕಾಣಬೇಕು ಎಂಬುದನ್ನು ಗೊತ್ತುಮಾಡುವ ಕೆಲಸ. ‘ಬಳಕೆದಾರರ ಅನುಭವ ವಿನ್ಯಾಸಕ’ ಎಂದು ನಾನದನ್ನು ಕನ್ನಡಿಸಿದಾಗ ನಮ್ಮ ಅತ್ತೆಯವರು, “ಅದಕ್ಕಿಂತ ಇಂಗ್ಲಿಷೇ ವಾಸಿ” ಎಂದುಬಿಟ್ಟರು. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ “ಮಗ ಏನು ಕೆಲಸದಲ್ಲಿದ್ದಾನೆ?” ಎಂಬ ಪ್ರಶ್ನೆಗೆ, “ಕಂಪ್ಯೂಟರಿನಲ್ಲಿ ಏನೋ” ಎಂದು ಹೇಳಿ ಆ ಮಹಾತಾಯಿ ಏಳು ವರ್ಷ ಕಳೆದರು.

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಅವನು ಹೇಳದೆ ಕೇಳದೆ ನಮ್ಮ ಮನೆಗೆ ಬಂದ. ಅವನ ವಿಭಾಗದ ಹನ್ನೊಂದು ಮಂದಿಯಲ್ಲಿ ಎಂಟು ಮಂದಿಯನ್ನು ಸಂಸ್ಥೆ ಬೀಳ್ಕೊಟ್ಟಿತ್ತು. ಪರದೆಯ ಚಿತ್ರಗಳನ್ನು ಈಗ ಕೃತಕ ಬುದ್ಧಿಮತ್ತೆಯೇ ನಿಮಿಷಗಳಲ್ಲಿ ಬರೆದುಕೊಡುತ್ತದಂತೆ. ಮೂವತ್ತೊಂದು ವಯಸ್ಸು, ಮನೆಯ ಮೇಲಿನ ಸಾಲ, ಎರಡು ವರ್ಷದ ಮಗು. ನನ್ನಾಕೆ ತಂದಿಟ್ಟ ಕಾಫಿ ಆರುತ್ತಿದ್ದರೂ ಅವನು ಲೋಟ ಮುಟ್ಟಲಿಲ್ಲ.

“ನನಗೆ ಬರುವುದು ಇದೊಂದೇ ಕೆಲಸ ಭಾವ. ಇನ್ನು ನಾನು ಏನು ಮಾಡಲಿ?”

“ಎಲ್ಲ ಸರಿಹೋಗುತ್ತದೆ” ಎಂದೆ. ಹೀಗೆ ಹೇಳುವವರಿಗೆ ಏನೂ ಗೊತ್ತಿರುವುದಿಲ್ಲವೆಂಬುದು ಲೋಕಕ್ಕೆಲ್ಲ ತಿಳಿದದ್ದೆ. ನಿಜ ಹೇಳಬೇಕೆಂದರೆ, ಅವನದು ಗುಂಡಿಗಳಿಗೆ ಬಣ್ಣ ಬಳಿಯುವ ಕೆಲಸವೆಂದೇ ನಾನು ಒಳಗೊಳಗೆ ತಿಳಿದಿದ್ದೆ. ಆ ನಾಚಿಕೆಯಿಂದಲೇ ಇರಬೇಕು, ಅವನು ಹೊರಟುಹೋದ ಮೇಲೆ ಈ ವಿದ್ಯೆಯ ಪೂರ್ವೋತ್ತರಗಳನ್ನು ಓದತೊಡಗಿದೆ.

ಓದಿದಾಗ ಮೊದಲು ಕಂಡ ಸಂಗತಿಯೆಂದರೆ, ಈ ವೃತ್ತಿಗೆ ಹೆಸರು ತಂದವರೇ ಬೇರೆಡೆಯಿಂದ ಬಂದವರು. ಡೊನಾಲ್ಡ್ ನಾರ್ಮನ್ ಎಂಬಾತ ಓದಿದ್ದು ವಿದ್ಯುತ್ ಎಂಜಿನಿಯರಿಂಗ್. ಅನಂತರ ಆದದ್ದು ಮನಶ್ಶಾಸ್ತ್ರದ ಪ್ರಾಧ್ಯಾಪಕ. ೧೯೭೯ರ ಮಾರ್ಚ್ ೨೮ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅಪಘಾತವಾಯಿತು. ತೆರೆದುಕೊಂಡ ಕವಾಟವೊಂದು ಮತ್ತೆ ಮುಚ್ಚಿಕೊಂಡಿರಲಿಲ್ಲ. ಆದರೆ ಹಲಗೆಯ ಮೇಲಿನ ದೀಪ ತಿಳಿಸುತ್ತಿದ್ದುದು ‘ಮುಚ್ಚು’ ಎಂಬ ಆಜ್ಞೆ ಹೋಗಿದೆಯೆಂಬುದನ್ನಷ್ಟೆ. ಕವಾಟ ನಿಜವಾಗಿ ಮುಚ್ಚಿತೇ ಇಲ್ಲವೇ ಎಂಬುದು ಅದಕ್ಕೆ ತಿಳಿಯದು. ದೀಪವನ್ನು ನಂಬಿದ ನೌಕರರು ಮೋಸಹೋದರು. ನೀರು ಹೊರಹೋಗಿ ಸ್ಥಾವರದ ಒಡಲು ಭಾಗಶಃ ಕರಗಿತು. ಮನುಷ್ಯರು ಏಕೆ ತಪ್ಪಿದರೆಂದು ಪರಿಶೀಲಿಸಲು ಕರೆಸಿದವರಲ್ಲಿ ನಾರ್ಮನ್ ಒಬ್ಬ. ದೋಷ ಮನುಷ್ಯರಿಗಿಂತ ಹೆಚ್ಚಾಗಿ ಹಲಗೆಯಲ್ಲಿದೆ ಎಂಬುದನ್ನು ಅಲ್ಲಿ ಕಂಡ ಆತ, ೧೯೮೮ರಲ್ಲಿ ನಿತ್ಯಬಳಕೆಯ ವಸ್ತುಗಳನ್ನು ಕುರಿತು ಒಂದು ಗ್ರಂಥ ಬರೆದ. ನನ್ನನ್ನು ಕಾಡುವ ಬ್ಯಾಂಕಿನ ಬಾಗಿಲಿನಂಥವಕ್ಕೆ ಇಂದು ‘ನಾರ್ಮನ್ ಬಾಗಿಲು’ ಎಂದೇ ಹೆಸರು! ೧೯೯೩ರಲ್ಲಿ ಆಪಲ್ ಸಂಸ್ಥೆಯನ್ನು ಸೇರಿದಾಗ ಆತ ತನ್ನ ಹುದ್ದೆಯ ಹೆಸರಿನಲ್ಲಿ ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಎಂಬ ಮಾತನ್ನು ಸೇರಿಸಿಕೊಂಡ.

ಅಂದಮೇಲೆ ಈ ವಿದ್ಯೆಯ ತಿರುಳು ಚಿತ್ರ ಬರೆಯುವುದರಲ್ಲಿಲ್ಲ. ಮನುಷ್ಯ ಎಲ್ಲಿ ಎಡವುತ್ತಾನೆಂಬುದನ್ನು ತಾಳ್ಮೆಯಿಂದ ನೋಡುವುದರಲ್ಲಿದೆ. ಎಡವುವವರು ಫೋನಿನ ಪರದೆಯ ಮುಂದೆ ಮಾತ್ರ ಇದ್ದಾರೆಯೆ?

೨೦೦೦ದಲ್ಲಿ ನಡೆದ ಅಮೆರಿಕದ ಅಧ್ಯಕ್ಷ ಚುನಾವಣೆಯನ್ನು ನೋಡಿ. ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಿ ಹೆಸರುಗಳು ಎಡಕ್ಕೂ ಬಲಕ್ಕೂ ಹರಡಿದ್ದವು. ರಂಧ್ರ ಮಾಡುವ ಜಾಗ ನಡುವೆ ಇತ್ತು. ಎಡಗಡೆಯ ಎರಡನೆಯ ಹೆಸರು ಗೋರ್‌ರದು. ಆದರೆ ಎರಡನೆಯ ರಂಧ್ರ ಬಲಗಡೆಯ ಬುಕಾನನ್‌ರದು. ಒಬ್ಬರಿಗೆಂದು ಹಾಕಿದ ಎಷ್ಟೋ ಮತ ಇನ್ನೊಬ್ಬರಿಗೆ ಹೋಯಿತು. ಇಡೀ ರಾಜ್ಯ ಬುಷ್‌ರ ಪಾಲಾದದ್ದು ೫೩೭ ಮತಗಳ ಅಂತರದಿಂದ. ಇಂದು ಅದೇ ದೇಶದಲ್ಲಿ ‘ಸೆಂಟರ್ ಫಾರ್ ಸಿವಿಕ್ ಡಿಸೈನ್’ ಎಂಬ ಸಂಸ್ಥೆ ಮತಪತ್ರಗಳನ್ನು ತಿದ್ದುವುದನ್ನೇ ಕಾಯಕ ಮಾಡಿಕೊಂಡಿದೆ. ಬ್ರಿಟನ್ ಸರ್ಕಾರ ೨೦೧೧ರಲ್ಲಿ ಇಂಥವರನ್ನು ಕೂಡಿಸಿ ಒಂದು ಇಲಾಖೆಯನ್ನೇ ತೆರೆಯಿತು. ಸರ್ಕಾರದ ಸೂಚನೆಗಳನ್ನು ಸಾಮಾನ್ಯರಿಗೆ ಅರ್ಥವಾಗುವಂತೆ ಬರೆಯುವುದು ಅಲ್ಲಿ ‘ಕಂಟೆಂಟ್ ಡಿಸೈನ್’ ಎಂಬ ಪ್ರತ್ಯೇಕ ವೃತ್ತಿಯಾಯಿತು. ನಮ್ಮ ಕನ್ನಡ ಎಂ.ಎ.ಗಳಿಗೂ ಅಲ್ಲೊಂದು ಕಿಟಕಿ ಕಾಣುತ್ತದೆಂದು ನನಗೆ ಒಳಗೊಳಗೇ ಸಂತೋಷವಾಯಿತು.

ಇವನ್ನೆಲ್ಲ ಬರೆದುಕೊಂಡು ಮುಂದಿನ ಭಾನುವಾರ ಭಾವಮೈದನ ಮುಂದಿಟ್ಟೆ. ಅವನು ನಕ್ಕು, “ಪಾಮ್ ಬೀಚಿಗೆ ಬಿ.ಎಂ.ಟಿ.ಸಿ. ಬಸ್ಸಿಲ್ಲ ಭಾವ” ಎಂದ. ಆದರೂ ಇಬ್ಬರೂ ಕಾಗದ, ಪೆನ್ನು ಹಿಡಿದು ಕುಳಿತೆವು. ಜನರನ್ನು ಕಂಡು ಮಾತನಾಡಿಸಿ ಅವರ ಅಗತ್ಯಗಳನ್ನು ಅರಿಯುವ ಸಂಶೋಧನೆ, ಒಂದು ಸರಕನ್ನು ಮೊದಲಿನಿಂದ ಕೊನೆಯವರೆಗೆ ನೋಡಿಕೊಳ್ಳುವ ಪ್ರಾಡಕ್ಟ್ ಮ್ಯಾನೇಜರನ ಹುದ್ದೆ, ಆಸ್ಪತ್ರೆಗಳ ಚೀಟಿ-ಸರತಿಗಳ ಏರ್ಪಾಡು — ಇವೆಲ್ಲ ಪಟ್ಟಿಗೆ ಬಂದವು. ಪಾಠ ಹೇಳುವ ಕೆಲಸವನ್ನು ನಾನೇ ಸೂಚಿಸಿದೆ. ಯು.ಜಿ.ಸಿ. ೨೦೨೨ರಲ್ಲಿ ಅನುಭವಿಗಳನ್ನು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗಿ ಕರೆದುಕೊಳ್ಳಲು ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ಆದರೆ ಅದಕ್ಕೆ ಹದಿನೈದು ವರ್ಷದ ಅನುಭವ ಬೇಕು. ಇವನಿಗಿದ್ದದ್ದು ಏಳು. ಸ್ವಂತ ಉದ್ಯಮವೆಂದರೆ ೨೦೦೮ರಲ್ಲಿ ಏರ್‌ಬಿಎನ್‌ಬಿಯನ್ನು ಆರಂಭಿಸಿದ ಮೂವರಲ್ಲಿ ಇಬ್ಬರು ವಿನ್ಯಾಸ ಶಾಲೆಯಲ್ಲಿ ಕಲಿತವರೇ. ಆದರೆ ಸಾಲದ ಕಂತು ಅಷ್ಟು ಕಾಲ ಕಾಯುವುದಿಲ್ಲ.

ಉಳಿದದ್ದು ಒಂದು ಬಾಗಿಲು. ನಮ್ಮ ದೇಶದಲ್ಲಿ ವಿಕಲಚೇತನರ ಹಕ್ಕುಗಳ ಕಾಯಿದೆ ೨೦೧೬ರಲ್ಲೇ ಬಂದಿತ್ತು. ಬ್ಯಾಂಕಿನ ಗುರುತು ದೃಢಪಡಿಸಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸೆಂದರೆ ಅಂಧರೂ ಆಸಿಡ್ ದಾಳಿಗೆ ಸಿಕ್ಕವರೂ ಏನು ಮಾಡಬೇಕು? ಈ ಪ್ರಶ್ನೆಯ ಮೇಲೆ ೨೦೨೫ರ ಏಪ್ರಿಲ್ ೩೦ರಂದು ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಪಡೆಯುವುದೂ ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಸೇರಿದೆಯೆಂದು ಸಾರಿತು. ಇಂಥ ಸೇವೆಗಳು ಎಲ್ಲರಿಗೂ ಎಟಕುತ್ತವೆಯೇ ಎಂದು ಬಲ್ಲವರಿಂದ ಆಗಾಗ ಪರೀಕ್ಷೆ ಮಾಡಿಸಬೇಕೆಂದೂ ವಿಧಿಸಿತು. ಪರೀಕ್ಷೆ ಮಾಡುವವರು ಬೇಕಲ್ಲ!

ಅವನು ಮೂರು ತಿಂಗಳು ಕುಳಿತು ಅದನ್ನು ಕಲಿತು, ಆ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಯನ್ನು ಸೇರಿದ. ಮೊದಲ ವಾರ ಅಂಧ ಯುವಕನೊಬ್ಬನ ಪಕ್ಕದಲ್ಲಿ ಕುಳಿತು ನೋಡುವುದೇ ಕೆಲಸ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶವನ್ನು ಹಚ್ಚಿಕೊಂಡು ಆ ಯುವಕ ವಿದ್ಯುತ್ ಬಿಲ್ಲು ಕಟ್ಟಲು ಹೊರಟ. ಎಲ್ಲ ಸರಿಯಾಗಿ ನಡೆದು ಕೊನೆಯ ಹೆಜ್ಜೆಗೆ ಬಂದಾಗ ಫೋನು “ಬಟನ್” ಎಂದಿತು. ಬೆರಳು ಸರಿಸಿದರೆ ಮತ್ತೆ “ಬಟನ್.” ಯಾವುದು ಹಣ ಕಟ್ಟುವುದು, ಯಾವುದು ರದ್ದು ಮಾಡುವುದು? ಆತ ನಾಲ್ಕು ಸಲ ಹುಡುಕಿ, “ಇದು ಯಾವಾಗಲೂ ಹೀಗೇ ಸಾರ್, ಇಲ್ಲಿಗೆ ಬಂದಾಗ ತಂಗಿಯನ್ನು ಕರೆಯುತ್ತೇನೆ” ಎಂದು ಫೋನು ಕೆಳಗಿಟ್ಟ.

“ಆ ಪರದೆ ನಾನು ಮಾಡಿದ್ದು ಭಾವ” ಎಂದು ನನ್ನ ಭಾವಮೈದ ನನಗೆ ಹೇಳಿದಾಗ ಅವನ ದನಿ ಕುಗ್ಗಿತ್ತು. “ಆ ಗುಂಡಿಯ ಹಸಿರು ಬಣ್ಣಕ್ಕಾಗಿ ಎರಡು ದಿನ ಚರ್ಚೆ ಮಾಡಿದ್ದೆವು. ಅದಕ್ಕೊಂದು ಹೆಸರಿಡುವುದನ್ನು ಮರೆತಿದ್ದೆವು.”

ಸಂಬಳ ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಗಂಡಹೆಂಡಿರು ಲೆಕ್ಕ ಹಾಕಿ ಕಾರನ್ನು ಮಾರಿದರು; ಸಾಲದ ಅವಧಿಯನ್ನು ಆರು ವರ್ಷ ಮುಂದಕ್ಕೆ ಹಾಕಿಸಿಕೊಂಡರು. ಬೇರೆ ದಾರಿ ಹಿಡಿಯುವುದೆಂದರೆ ಹೂವಿನ ಹಾಸಿಗೆಯೆಂದು ಯಾರಿಗೂ ಹೇಳಲಾರೆ. ಇಂದು ಇಂಥ ಪತ್ರವನ್ನು ಕೈಯಲ್ಲಿ ಹಿಡಿದು ಕುಳಿತ ತರುಣರು ನಿಮ್ಮ ಮನೆಯಲ್ಲೂ ಇದ್ದರೆ, “ಎಲ್ಲ ಸರಿಹೋಗುತ್ತದೆ” ಎನ್ನುವ ಮೊದಲು, ಅವರು ಇಷ್ಟು ದಿನ ನಿಜವಾಗಿ ಮಾಡುತ್ತಿದ್ದುದೇನೆಂದು ಒಮ್ಮೆ ಕೂತು ಕೇಳಿ. ಹುದ್ದೆಯ ಹೆಸರು ಹೋದರೂ ಕಲಿತದ್ದು ಅವರಲ್ಲೇ ಇರುತ್ತದೆ.

ಕಳೆದ ಶುಕ್ರವಾರ ನಮ್ಮ ಅತ್ತೆಯವರು ಪಕ್ಕದ ಮನೆಗೆ ಕುಂಕುಮಕ್ಕೆ ಹೋಗಿದ್ದರು. ಮಾಮೂಲಿನ ಪ್ರಶ್ನೆ ಬಂತಂತೆ. ಈ ಸಲ ಅವರು ತಡವರಿಸಲಿಲ್ಲ.

“ನನ್ನ ಮಗನೇ? ಕಣ್ಣು ಕಾಣದವರು ತಮ್ಮ ಬಿಲ್ಲು ತಾವೇ ಕಟ್ಟುವ ಹಾಗೆ ಮಾಡುತ್ತಾನೆ” ಎಂದರಂತೆ.