ಮನೆಯ ತೆರೆಯ ಮೇಲೆ ಮರೆಯಾದ ವಿಜ್ಞಾನಚಿತ್ರಗಳು

ಮನೆಯಲ್ಲಿಯೇ ಕುಳಿತು ಚಲಚ್ಚಿತ್ರಗಳನ್ನು ನೋಡುವ ಸೌಕರ್ಯವು ಇಂದು ಹಳ್ಳಿ ಪಟ್ಟಣಗಳೆಂಬ ಭೇದವಿಲ್ಲದೆ ಹರಡಿದೆ. ಪೇಟೆಯ ಚಿತ್ರಮಂದಿರಕ್ಕೆ ಹೋಗಿ ಟಿಕೆಟಿಗಾಗಿ ಸಾಲಿನಲ್ಲಿ ನಿಲ್ಲುವ ಪ್ರಮೇಯವೇ ಇಲ್ಲದಂತೆ, ಅಂಗೈಯಗಲದ ಮೊಬೈಲಿನ ತೆರೆಯ ಮೇಲೆ ಬೇಕಾದ ಚಿತ್ರ ಬೇಕಾದ ಹೊತ್ತಿನಲ್ಲಿ ಮೂಡುತ್ತದೆ. ಆದರೆ ಹೀಗೆ ದೊರೆಯುವ ಅಸಂಖ್ಯ ಚಿತ್ರಗಳಲ್ಲಿ ನಾವು ನೋಡುವುದು ಯಾವುವನ್ನು? ಈಗಾಗಲೇ ಬಹುಜನರು ನೋಡಿದವನ್ನೇ ಯಂತ್ರವು ಮತ್ತೆ ಮತ್ತೆ ನಮ್ಮ ಮುಂದೆ ತಂದಿರಿಸುತ್ತದೆ. ನಾವೂ ಅವನ್ನೇ ನೋಡಿ ಆ ಸಂಖ್ಯೆಗೆ ಇನ್ನೊಂದನ್ನು ಕೂಡಿಸುತ್ತೇವೆ. ಕೇಳುವವರಿಲ್ಲದ ಚಿತ್ರಗಳು ಗ್ರಂಥಭಂಡಾರದ ಹಿಂದಿನ ಸಾಲಿನ ಪುಸ್ತಕಗಳಂತೆ ಧೂಳು ತಿನ್ನುತ್ತಿರುತ್ತವೆ.

ಅಂತಹ ಕೆಲವು ಚಿತ್ರಗಳನ್ನು ತರುಣ ವಾಚಕರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಅವು ಕಥಾಚಿತ್ರಗಳಲ್ಲ. ಬಹುತೇಕ ಕಪ್ಪು ಬಿಳುಪಿನವು, ಅರ್ಧ ಗಂಟೆಗೆ ಸ್ವಲ್ಪ ಹೆಚ್ಚುಕಡಿಮೆಯಾದವು. ಇಂದು ವಿಜ್ಞಾನದ ಹೆಸರಿನಲ್ಲಿ ಬರುವ ಥಳಕಿನ ಚಿತ್ರಗಳ ಪಕ್ಕದಲ್ಲಿ ಬಡವಾಗಿ ಕಾಣತಕ್ಕವು. ಹಾಗಿದ್ದರೂ ವಿಜ್ಞಾನ ಕಲಿಯುವವನಿಗೆ ಇವೇ ಹೆಚ್ಚು ಉಪಯುಕ್ತವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಕಾರಣ ಇಷ್ಟೇ: ಇವುಗಳಲ್ಲಿ ಪ್ರಯೋಗವು ಕ್ಯಾಮರಾದ ಎದುರಿಗೆ ನಿಜವಾಗಿ ನಡೆದಿದೆ. ಇಂದಿನ ಚಿತ್ರಗಳಲ್ಲಿ ಕೃಷ್ಣರಂಧ್ರವು ನಕ್ಷತ್ರವನ್ನು ನುಂಗುವುದನ್ನೂ ಜೀವಕೋಶದೊಳಗೆ ಪ್ರೋಟೀನುಗಳು ನಡೆದಾಡುವುದನ್ನೂ ಗಣಕಯಂತ್ರವು ಲೆಕ್ಕ ಹಾಕಿ ಬರೆದು ತೋರಿಸುತ್ತದೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಕ್ಯಾಮರಾ ಹೋಗಲಾರದ ಕಡೆ ಅದಲ್ಲದೆ ಬೇರೆ ದಾರಿಯೂ ಇಲ್ಲ. ಆದರೆ ಅದು ವಿವರಣೆಯೇ ಹೊರತು ಸಾಕ್ಷ್ಯವಲ್ಲ. ಬರೆದವನು ಏನನ್ನು ನಂಬಿದ್ದನೋ ಅದನ್ನೇ ಅದು ತೋರಿಸಬಲ್ಲುದು. ಅವನ ನಂಬಿಕೆ ತಪ್ಪೆಂದು ಎಂದೂ ತೋರಿಸಲಾರದು. ನಾಲ್ಕು ಮಾತು ಬರೆದುಕೊಟ್ಟರೆ ಯಂತ್ರವೇ ಇಲ್ಲದ ದೃಶ್ಯವನ್ನು ಕಣ್ಣಿಗೆ ಕಟ್ಟುವಂತೆ ಹೊಸೆದು ಕೊಡುವ ಈ ದಿನಗಳಲ್ಲಿ, ಇವೆರಡರ ಅಂತರವನ್ನು ವಿದ್ಯಾರ್ಥಿಯು ಬೇಗನೆ ಅರಿತುಕೊಳ್ಳುವುದು ಅವಶ್ಯ.

ಮೊದಲಿಗೆ 1960ರಲ್ಲಿ ತಯಾರಾದ ‘ಫ್ರೇಮ್ಸ್ ಆಫ್ ರೆಫರೆನ್ಸ್’ ಎಂಬ ಚಿತ್ರವನ್ನು ನೋಡಬಹುದು. ಅಮೆರಿಕದ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರದ ಬೋಧನೆಯನ್ನು ಹೊಸದಾಗಿ ಕಟ್ಟಬೇಕೆಂದು 1956ರಲ್ಲಿ ಆರಂಭವಾದ ಸಮಿತಿಯೊಂದರ ಪರವಾಗಿ, ಟೊರಾಂಟೊ ವಿಶ್ವವಿದ್ಯಾಲಯದ ಪ್ಯಾಟರ್ಸನ್ ಹ್ಯೂಮ್ ಮತ್ತು ಡೊನಾಲ್ಡ್ ಐವಿ ಎಂಬ ಇಬ್ಬರು ಪ್ರಾಧ್ಯಾಪಕರು ಇದರಲ್ಲಿ ಪಾಠ ಹೇಳಿದ್ದಾರೆ. ಪ್ರಾರಂಭದಲ್ಲಿ ಒಬ್ಬರು ನೆಟ್ಟಗೆ, ಇನ್ನೊಬ್ಬರು ತಲೆಕೆಳಗಾಗಿ ಕಾಣಿಸುತ್ತಾರೆ. ತಲೆಕೆಳಗಾದವನು ನೀನೇ ಎಂದು ಒಬ್ಬರಿಗೊಬ್ಬರು ವಾದಿಸುತ್ತಾರೆ. ನಗು ಬರುವ ಈ ಆಟದಲ್ಲಿ ಇಡೀ ಪಾಠದ ಬೀಜವಿದೆ. ‘ಮೇಲೆ’, ‘ಕೆಳಗೆ’, ‘ಚಲನೆ’, ‘ವಿಶ್ರಾಂತಿ’ ಎಂಬ ಮಾತುಗಳೆಲ್ಲ ಯಾವ ಚೌಕಟ್ಟಿನಲ್ಲಿ ನಿಂತು ನೋಡುತ್ತೇವೆ ಎಂಬುದನ್ನು ಅವಲಂಬಿಸಿವೆ.

ಮುಂದೆ ಸಮವೇಗದಿಂದ ಓಡುವ ಒಂದು ಬಂಡಿಯಿಂದ ಗುಂಡನ್ನು ಕೆಳಕ್ಕೆ ಬಿಡುತ್ತಾರೆ. ಬಂಡಿಯ ಮೇಲೆಯೇ ಕೂಡಿಸಿದ ಕ್ಯಾಮರಾಕ್ಕೆ ಗುಂಡು ನೇರವಾಗಿ ಬೀಳುವಂತೆ ಕಾಣುತ್ತದೆ. ನೆಲದ ಮೇಲಿರುವ ಕ್ಯಾಮರಾಕ್ಕೆ ಅದೇ ಗುಂಡಿನ ದಾರಿ ಬಾಗಿದ ರೇಖೆ, ಅಂದರೆ ಪರವಲಯ. ಪಠ್ಯಪುಸ್ತಕದಲ್ಲಿ ಒಂದು ವಾಕ್ಯದಲ್ಲಿ ಮುಗಿಯುವ ಸಂಗತಿ ಇದು. ಓದಿದವನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿಯಾನು, ನಂಬಿಯಾನೆಂದು ಹೇಳಲಾಗದು. ಕಣ್ಣಾರೆ ಕಂಡ ಮೇಲೆ ನಂಬದೆ ನಿರ್ವಾಹವಿಲ್ಲ. ಕೊನೆಯ ಭಾಗದಲ್ಲಿ ತಿರುಗುವ ವೇದಿಕೆಯ ಮೇಲೆ ಕ್ಯಾಮರಾವನ್ನು ಕೂಡಿಸಿ, ಘರ್ಷಣೆ ಬಹುಮಟ್ಟಿಗೆ ಇಲ್ಲದ ಬಿಲ್ಲೆಯೊಂದನ್ನು ಮೇಜಿನ ಮೇಲೆ ಜಾರಬಿಡುತ್ತಾರೆ. ನೇರವಾಗಿ ಸಾಗುವ ಬಿಲ್ಲೆಯು ತಿರುಗುವ ಕ್ಯಾಮರಾಕ್ಕೆ ಸೊಟ್ಟಗೆ ಸಾಗುವಂತೆ ಕಾಣುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದೇಕೆ ಎಂಬ ಪ್ರಶ್ನೆಗೆ ಉತ್ತರದ ಮೊದಲ ಎಳೆ ಇಲ್ಲಿದೆ. ತಿರುಗುವ ಭೂಮಿಯ ಮೇಲೆ ನಿಂತ ನಾವೆಲ್ಲರೂ ಆ ವೇದಿಕೆಯ ಮೇಲಿನ ಕ್ಯಾಮರಾಗಳೇ ಆಗಿದ್ದೇವೆ.

ಇಂತಹ ಚಿತ್ರವನ್ನು ಶಾಲೆಯಲ್ಲಿ ಪ್ರೊಜೆಕ್ಟರಿನಿಂದ ತೋರಿಸುತ್ತಿದ್ದ ಕಾಲದಲ್ಲಿ ಅದು ಒಂದೇ ಸಮನೆ ಓಡಿ ಮುಗಿದುಹೋಗುತ್ತಿತ್ತು. ಮನೆಯ ತೆರೆಯಲ್ಲಿ ಹಾಗಲ್ಲ. ನಿಲ್ಲಿಸಬಹುದು, ಹಿಂದಕ್ಕೆ ಸರಿಸಬಹುದು, ಒಂದೊಂದೇ ಬಿಂಬವಾಗಿ ಮುಂದೊತ್ತಬಹುದು. ಯೂಟ್ಯೂಬನ್ನು ಗಣಕಯಂತ್ರದಲ್ಲಿ ನೋಡುವಾಗ ಚಿತ್ರವನ್ನು ನಿಲ್ಲಿಸಿ, ಕೀಲಿಮಣೆಯ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಗುಂಡಿಗಳನ್ನೊತ್ತಿದರೆ ಬಿಂಬಗಳು ಒಂದೊಂದಾಗಿ ಹಿಂದಕ್ಕೂ ಮುಂದಕ್ಕೂ ಸರಿಯುತ್ತವೆ. ತೆರೆಯ ಮೇಲೆ ಪಾರದರ್ಶಕ ಹಾಳೆಯೊಂದನ್ನು ಅಂಟಿಸಿ, ಬೀಳುವ ಗುಂಡಿನ ಸ್ಥಾನವನ್ನು ಪ್ರತಿ ಬಿಂಬದಲ್ಲಿಯೂ ಚುಕ್ಕೆಯಿಟ್ಟು ಗುರುತಿಸಿರಿ. ಗುಂಡು ಬಿಡುಗಡೆಯಾದ ಕ್ಷಣದಿಂದ ಆರಂಭಿಸಿ ಸಮಾನ ಕಾಲಾಂತರಗಳಲ್ಲಿ ಅದು ಇಳಿದ ದೂರಗಳು 1, 3, 5, 7 ಎಂಬ ಪ್ರಮಾಣದಲ್ಲಿ ಬೆಳೆಯಬೇಕು. ಇದು ಗೆಲಿಲಿಯೋ ಕಂಡ ನಿಯಮ. ನೆಲದ ಕ್ಯಾಮರಾದ ದೃಶ್ಯದಲ್ಲಾದರೆ ಅಡ್ಡಲಾಗಿ ಕ್ರಮಿಸಿದ ದೂರಗಳು ಮಾತ್ರ ಸಮನಾಗಿರಬೇಕು. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಆ ಕಾಲದ ಸವಾಕ್ ಚಿತ್ರಗಳು ಸೆಕೆಂಡಿಗೆ 24 ಬಿಂಬಗಳಂತೆ ತೆಗೆದವು. ದೂರದರ್ಶನಕ್ಕೆಂದು ಅವನ್ನು ಸೆಕೆಂಡಿಗೆ 30 ಬಿಂಬಗಳಿಗೆ ಪರಿವರ್ತಿಸಿದಾಗ ಕೆಲವು ಬಿಂಬಗಳು ಎರಡೆರಡು ಸಲ ಬರುತ್ತವೆ. ಗುಂಡು ನಡುವೆ ಒಂದು ಕ್ಷಣ ನಿಂತಂತೆ ಕಂಡರೆ ಗುರುತ್ವವು ತಪ್ಪಿದ್ದಲ್ಲವೆಂದು ತಿಳಿದು, ಆ ಬಿಂಬವನ್ನು ಲೆಕ್ಕದಿಂದ ಬಿಡಬೇಕು. ಉಪಕರಣದ ದೋಷವನ್ನು ನಿಸರ್ಗದ ವರ್ತನೆಯಿಂದ ಬೇರ್ಪಡಿಸುವುದನ್ನು ಕಲಿಯಲು ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ದೊರೆಯುವುದು ಕಷ್ಟ.

ಎರಡನೆಯ ಚಿತ್ರ ನನಗೆ ಇನ್ನೂ ಹೆಚ್ಚು ಪ್ರಿಯವಾದುದು. ‘ಲೋ ರೆನಾಲ್ಡ್ಸ್ ನಂಬರ್ ಫ್ಲೋಸ್’ ಎಂಬ ಅದರ ಹೆಸರನ್ನು ಕೇಳಿಯೇ ಹೆದರಿ ಹಿಂದೆಗೆಯುವವರು ಹಲವರು. 1960ರ ದಶಕದಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಆಷರ್ ಶಪೀರೊ ಅವರ ನೇತೃತ್ವದ ಸಮಿತಿಯೊಂದು ದ್ರವಗಳ ಚಲನೆಯನ್ನು ಕುರಿತು ಚಿತ್ರಮಾಲೆಯನ್ನು ತಯಾರಿಸಿತು. ಅದರಲ್ಲಿ ಈ ಚಿತ್ರದ ಪಾಠ ಹೇಳಿದವರು ಕೇಂಬ್ರಿಜಿನ ಜಿ. ಐ. ಟೇಲರ್. 1886ರಲ್ಲಿ ಜನಿಸಿದ ಅವರಿಗೆ ಆಗ ಎಂಬತ್ತರ ಸುಮಾರಿನ ವಯಸ್ಸು. (ತರ್ಕಕ್ಕೆ ಬೀಜಗಣಿತದ ರೂಪ ಕೊಟ್ಟ ಜಾರ್ಜ್ ಬೂಲ್ ಇವರ ತಾಯಿಯ ತಂದೆ.) ದ್ರವಗಳ ಶಾಸ್ತ್ರದಲ್ಲಿ ಇಪ್ಪತ್ತನೆಯ ಶತಮಾನದ ಅಗ್ರಗಣ್ಯರಲ್ಲಿ ಒಬ್ಬರಾದ ಈ ವೃದ್ಧರು ಸಿಹಿಪಾಕದಂತಹ ಮಂದ ದ್ರವಗಳನ್ನೂ ರಬ್ಬರ್ ಪಟ್ಟಿಯಿಂದ ನಡೆಯುವ ಆಟಿಕೆಗಳನ್ನೂ ಮುಂದಿಟ್ಟುಕೊಂಡು ಮಕ್ಕಳಂತೆ ಆಡುತ್ತಾರೆ.

ಒಂದರೊಳಗೊಂದು ನಿಲ್ಲಿಸಿದ ಎರಡು ಉರುಳೆಗಳ ನಡುವೆ ಗ್ಲಿಸರಿನ್ ತುಂಬಿದೆ. ಅದರಲ್ಲಿ ಬಣ್ಣದ ಒಂದು ತೊಟ್ಟನ್ನು ಇಟ್ಟು ಒಳಗಿನ ಉರುಳೆಯನ್ನು ಕೆಲವು ಸುತ್ತು ನಿಧಾನವಾಗಿ ತಿರುಗಿಸುತ್ತಾರೆ. ಬಣ್ಣವು ಎಳೆಯೆಳೆಯಾಗಿ ಹರಡಿ ಗ್ಲಿಸರಿನ್ನಿನಲ್ಲಿ ಬೆರೆತುಹೋದಂತೆಯೇ ಕಾಣುತ್ತದೆ. ಬಳಿಕ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರೆ ಏನಾಗುತ್ತದೆ? ಹಾಲಿನಲ್ಲಿ ಬೆರೆತ ಕಾಫಿ ಡಿಕಾಕ್ಷನ್ನು ಚಮಚವನ್ನು ಹಿಂದಕ್ಕೆ ತಿರುಗಿಸಿದರೆ ಬೇರೆಯಾಗುವುದಿಲ್ಲವೆಂಬುದು ನಮ್ಮ ಅನುಭವ. ಇಲ್ಲಿ ಮಾತ್ರ ಹರಡಿದ ಬಣ್ಣವು ಹಿಂದಿರುಗಿ ಬಂದು ಮತ್ತೆ ತೊಟ್ಟಾಗಿ ಕೂಡಿಕೊಳ್ಳುತ್ತದೆ! ನೋಡಿದವನಿಗೆ ಮೊದಲು ಬರುವ ಸಂಶಯ, ಚಿತ್ರವನ್ನೇ ಹಿಮ್ಮುಖವಾಗಿ ಓಡಿಸಿರಬಹುದೇ ಎಂಬುದು. ಈ ಸಂಶಯ ಬರಲೇಬೇಕು. ಬಾರದಿದ್ದರೆ ನೋಡಿದ್ದು ವ್ಯರ್ಥ. ಅದನ್ನು ಪರಿಹರಿಸುವ ಉಪಾಯವೂ ಚಿತ್ರದಲ್ಲಿಯೇ ಇದೆ. ಬಿಂಬಗಳನ್ನು ಹಿಮ್ಮುಖವಾಗಿ ಓಡಿಸಿದ್ದರೆ ಕೊನೆಯ ತೊಟ್ಟು ಮೊದಲಿನ ತೊಟ್ಟಿನ ಪಡಿಯಚ್ಚಾಗಿರಬೇಕಿತ್ತು. ನಿಜವಾದ ಪ್ರಯೋಗದಲ್ಲಿ, ಅಷ್ಟು ಹೊತ್ತಿನಲ್ಲಿ ಬಣ್ಣದ ಅಣುಗಳು ತಾವಾಗಿಯೇ ಸ್ವಲ್ಪ ದೂರ ಅಲೆದಿರುವುದರಿಂದ, ತೊಟ್ಟಿನ ಅಂಚು ಕೊಂಚ ಮಸುಕಾಗಬೇಕು. ಎರಡು ಬಿಂಬಗಳನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಿರಿ.

ಇದರ ಅರ್ಥ ಆಟಿಕೆಯ ದೃಶ್ಯದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಬಾಲವನ್ನು ಆಚೆಗೊಮ್ಮೆ ಈಚೆಗೊಮ್ಮೆ ಬಡಿಯುವ ಆಟಿಕೆಯು ನೀರಿನಲ್ಲಿ ಸೊಗಸಾಗಿ ಮುಂದೆ ಸಾಗುತ್ತದೆ. ಮಂದ ಪಾಕದಲ್ಲಿ ಬಿಟ್ಟರೆ ಇದ್ದಲ್ಲಿಯೇ ಒದ್ದಾಡುತ್ತದೆ. ಬಾಲವು ಆಚೆ ಹೋದಾಗ ಗಳಿಸಿದುದನ್ನು ಈಚೆ ಬಂದಾಗ ಪೂರ್ತಿಯಾಗಿ ಕಳೆದುಕೊಳ್ಳುತ್ತದೆ. ಆದರೆ ಸುರುಳಿಯಾಕಾರದ ಬಾಲವನ್ನು ತಿರುಪಿನಂತೆ ತಿರುಗಿಸುವ ಆಟಿಕೆ ಪಾಕದಲ್ಲಿಯೂ ನಿಧಾನವಾಗಿ ಮುಂದುವರಿಯುತ್ತದೆ. ವೇಗ, ಗಾತ್ರ ಮತ್ತು ಸಾಂದ್ರತೆಗಳನ್ನು ಗುಣಿಸಿ ದ್ರವದ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವುದು ರೆನಾಲ್ಡ್ಸ್ ಸಂಖ್ಯೆ. ಕೆರೆಯಲ್ಲಿ ಈಜುವ ಮನುಷ್ಯನಿಗೆ ಅದು ಹತ್ತು ಲಕ್ಷದ ಆಸುಪಾಸು. ಅದೇ ನೀರಿನಲ್ಲಿರುವ ಬ್ಯಾಕ್ಟೀರಿಯಕ್ಕೆ ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಎಂದಮೇಲೆ ಬ್ಯಾಕ್ಟೀರಿಯದ ಪಾಲಿಗೆ ನೀರೇ ಪಾಕ. ಬ್ಯಾಕ್ಟೀರಿಯಗಳು ತಮ್ಮ ಸುರುಳಿ ಬಾಲಗಳನ್ನು ನಿಜವಾಗಿಯೂ ಚಕ್ರದಂತೆ ತಿರುಗಿಸುತ್ತವೆಂದು ಹೋವರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ ವಾದಿಸಿ ತೋರಿಸಿದ್ದು 1973ರಲ್ಲಿ. ಟೇಲರರ ಆಟಿಕೆ ಅದಕ್ಕೆ ಕೆಲವು ವರ್ಷ ಮೊದಲೇ ಪಾಕದಲ್ಲಿ ಈಜಾಡುತ್ತಿತ್ತು. ಈ ಮಾಲೆಯ ಚಿತ್ರಗಳನ್ನು ಆ ಸಂಸ್ಥೆಯು ತನ್ನ ಅಂತರ್ಜಾಲ ಪುಟದಲ್ಲಿ ಉಚಿತವಾಗಿ ಒದಗಿಸಿದೆ.

ಇನ್ನೂ ಹಿಂದಕ್ಕೆ ಹೋದರೆ ಇಂಗ್ಲೆಂಡಿನ ಪರ್ಸಿ ಸ್ಮಿತ್ ಅವರ ಮೂಕಿಚಿತ್ರಗಳು ಸಿಗುತ್ತವೆ. 1910ರ ‘ದಿ ಅಕ್ರೊಬ್ಯಾಟಿಕ್ ಫ್ಲೈ’ ಎಂಬುದರಲ್ಲಿ, ಅಂಗಾತವಾಗಿ ಹಿಡಿಸಿದ ನೊಣವೊಂದು ತನ್ನ ಕಾಲುಗಳಿಂದ ಚೆಂಡು, ಹುಲ್ಲುಕಡ್ಡಿ ಮುಂತಾದುವನ್ನು ದೊಂಬರಾಟದವನಂತೆ ತಿರುಗಿಸುತ್ತದೆ. ಇದು ಮೋಸವೆಂದು ಸಂಶಯಪಟ್ಟವರು ಆಗಲೂ ಇದ್ದರು. ವಾಸ್ತವವಾಗಿ ನೊಣಕ್ಕೆ ಆಟವಾಡುವ ಉದ್ದೇಶವೇನೂ ಇಲ್ಲ. ಅದು ಸುಮ್ಮನೆ ನಡೆಯುತ್ತಿದೆ, ಕಾಲಿಗೆ ಸಿಕ್ಕಿದ ‘ನೆಲ’ ತಿರುಗುತ್ತಿದೆ. ಇಂದಿನ ನರವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಹಣ್ಣಿನ ನೊಣವನ್ನು ಕದಲದಂತೆ ಹಿಡಿಸಿ, ಕಾಲಕೆಳಗೆ ಗಾಳಿಯಲ್ಲಿ ತೇಲುವ ಪುಟ್ಟ ಚೆಂಡನ್ನಿಟ್ಟು, ಅದು ಎತ್ತ ನಡೆಯಲೆಳಸುತ್ತದೆಂದು ಚೆಂಡಿನ ತಿರುಗುವಿಕೆಯಿಂದ ಅಳೆಯುತ್ತಾರೆ. ಅದೇ ವರ್ಷದ ‘ದಿ ಬರ್ತ್ ಆಫ್ ಎ ಫ್ಲವರ್’ ಚಿತ್ರದಲ್ಲಿ ಮೊಗ್ಗುಗಳು ಕೆಲವೇ ಸೆಕೆಂಡುಗಳಲ್ಲಿ ಅರಳುತ್ತವೆ. ಇದನ್ನು ನೋಡುವುದಕ್ಕಿಂತ ಮಾಡುವುದೇ ಮೇಲು: ಹಿತ್ತಲಿನ ಬ್ರಹ್ಮಕಮಲ ಬಿರಿಯುವ ರಾತ್ರಿ ಅದರ ಮುಂದೆ ಮೊಬೈಲನ್ನು ಅಲುಗದಂತೆ ಕಟ್ಟಿ, ಒಂದೇ ಸಮನಾದ ದೀಪದ ಬೆಳಕಿನಲ್ಲಿ ನಿಮಿಷಕ್ಕೊಂದರಂತೆ ಐದು ಗಂಟೆ ಚಿತ್ರ ತೆಗೆದರೆ 300 ಬಿಂಬಗಳಾದುವು; ಸೆಕೆಂಡಿಗೆ 24ರಂತೆ ಓಡಿಸಿದರೆ ಹನ್ನೆರಡೂವರೆ ಸೆಕೆಂಡಿನ ಚಿತ್ರ.

ಹಳೆಯ ಚಿತ್ರಗಳಲ್ಲಿ ವಿಜ್ಞಾನವೂ ಹಳೆಯದಲ್ಲವೇ ಎಂಬ ಆಕ್ಷೇಪಣೆ ನ್ಯಾಯವಾದುದೇ. ಕೆನಡಾದ ರಾಷ್ಟ್ರೀಯ ಚಲಚ್ಚಿತ್ರ ಮಂಡಲಿಯು 1960ರಲ್ಲಿ ಹೊರತಂದ ‘ಯೂನಿವರ್ಸ್’ ಚಿತ್ರವನ್ನು ತೆಗೆದುಕೊಳ್ಳಿರಿ. ರೋಮನ್ ಕ್ರಾಯ್ಟರ್ ಮತ್ತು ಕಾಲಿನ್ ಲೋ ನಿರ್ದೇಶಿಸಿದ ಇದರಲ್ಲಿ ಟೊರಾಂಟೊ ಬಳಿಯ ವೇಧಶಾಲೆಯಲ್ಲಿ ಖಗೋಳಜ್ಞನೊಬ್ಬನ ಒಂದು ರಾತ್ರಿಯ ಕೆಲಸವನ್ನು ತೋರಿಸಿ, ಅಲ್ಲಿಂದ ಗ್ರಹಗಳಿಗೂ ಗೆಲಕ್ಸಿಗಳಿಗೂ ಕರೆದೊಯ್ಯುತ್ತಾರೆ. ಆಗ ಮಾನವನು ಅಂತರಿಕ್ಷಕ್ಕೆ ಇನ್ನೂ ಹೋಗಿರಲಿಲ್ಲ. ವಿಶ್ವದ ಆದಿಕಾಲದಿಂದ ಬರುವ ಸೂಕ್ಷ್ಮತರಂಗಗಳ ಹಿನ್ನೆಲೆ ವಿಕಿರಣದ ಶೋಧ 1965ರಲ್ಲಿ ಪ್ರಕಟವಾಯಿತು. ಹೀಗಾಗಿ ಇದರಿಂದ ಇಂದಿನ ಖಗೋಳವಿಜ್ಞಾನವನ್ನು ಕಲಿಯಲು ಹೊರಡಬಾರದು. ಪಕ್ಕದಲ್ಲಿ ಹೊಸ ಪುಸ್ತಕವೊಂದನ್ನಿಟ್ಟುಕೊಂಡು, ಚಿತ್ರದ ಯಾವ ಮಾತು ಇಂದಿಗೂ ನಿಂತಿದೆ, ಯಾವುದು ಬಿದ್ದಿದೆಯೆಂದು ಗುರುತು ಹಾಕುತ್ತ ನೋಡಬೇಕು. ಅದೇ ಮಂಡಲಿಯ ‘ಕಾಸ್ಮಿಕ್ ಝೂಮ್’ (1968) ಎಂಟು ನಿಮಿಷದ ಬಣ್ಣದ ಚಿತ್ರ. ನದಿಯಲ್ಲಿ ದೋಣಿ ನಡೆಸುವ ಹುಡುಗನಿಂದ ವಿಶ್ವದ ಅಂಚಿನವರೆಗೂ, ಮರಳಿ ಬಂದು ಅವನ ಕೈಯ ಮೇಲಿನ ಸೊಳ್ಳೆಯ ಮೂಲಕ ಪರಮಾಣುವಿನ ಒಳಗೂ ಅದು ಸಾಗುತ್ತದೆ. ಅದು ಬಹುಮಟ್ಟಿಗೆ ಕೈಯಿಂದ ಬರೆದುದು. ನಾನು ಮೇಲೆ ಹೇಳಿದ ‘ವಿವರಣೆ’ಯ ಜಾತಿಗೆ ಸೇರಿದುದು. ಇದರಲ್ಲಿ ಮಾತೇ ಇಲ್ಲ. ಎರಡನ್ನೂ ಮಂಡಲಿಯ ಅಂತರ್ಜಾಲ ತಾಣದಲ್ಲಿ ಹಣವಿಲ್ಲದೆ ನೋಡಬಹುದು.

ನಮ್ಮ ದೇಶದ ಚಿತ್ರಗಳೆಂದರೆ, ಚಂದಿತಾ ಮುಖರ್ಜಿ ಅವರ ‘ಭಾರತ್ ಕೀ ಛಾಪ್’ ನೆನಪಿಗೆ ಬರುತ್ತದೆ. ಭಾರತದ ವಿಜ್ಞಾನ ಮತ್ತು ತಂತ್ರಕೌಶಲದ ಚರಿತ್ರೆಯನ್ನು ಹೇಳುವ ಈ 13 ಕಂತುಗಳ ಮಾಲಿಕೆ 1989ರಲ್ಲಿ ದೂರದರ್ಶನದಲ್ಲಿ ಬಂದಿತು. ಇಂದಿನ ವಿದ್ಯಾರ್ಥಿಗಳಲ್ಲಿ ಅದರ ಹೆಸರನ್ನು ಕೇಳಿದವರೇ ವಿರಳ.

ಉಳಿದ ತೊಡಕು ಭಾಷೆಯದು. ಹ್ಯೂಮ್, ಐವಿ, ಟೇಲರ್ ಇವರ ಮಾತು ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗೆ ಅದರ ವೇಗ ಕಷ್ಟವಾದೀತು. ಕಾಲೇಜುಗಳ ವಿಜ್ಞಾನ ಸಂಘಗಳು ಇದಕ್ಕೆ ದೊಡ್ಡ ಯೋಜನೆಯನ್ನೇನೂ ಹಾಕಬೇಕಾಗಿಲ್ಲ. ಒಂದು ಶನಿವಾರ ಮಧ್ಯಾಹ್ನ ಧ್ವನಿಯನ್ನು ನಿಲ್ಲಿಸಿ ಚಿತ್ರವನ್ನು ಗೋಡೆಯ ಮೇಲೆ ಹಾಯಿಸಿ, ಮೊದಲೇ ಎರಡು ಸಲ ನೋಡಿ ಸಿದ್ಧನಾದ ವಿದ್ಯಾರ್ಥಿಯೊಬ್ಬನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ವಿವರಿಸಿದರಾಯಿತು. ಟೇಲರರ ಚಿತ್ರದಿಂದ ಆರಂಭಿಸುವುದು ಲೇಸು. ಒಳ ಉರುಳೆಯನ್ನು ಹಿಂದಕ್ಕೆ ತಿರುಗಿಸುವ ಮೊದಲು ಚಿತ್ರವನ್ನು ನಿಲ್ಲಿಸಿ, ಬಣ್ಣವು ಏನಾಗುವುದೆಂದು ಸಭೆಯಲ್ಲಿದ್ದವರೆಲ್ಲರೂ ಒಂದೊಂದು ಚೀಟಿಯಲ್ಲಿ ಬರೆದುಕೊಡಲಿ. ಚೀಟಿಗಳನ್ನು ಓದಿದ ಬಳಿಕವೇ ಮುಂದಿನ ದೃಶ್ಯವನ್ನು ತೋರಿಸಬೇಕು.